ದುರ್ಗಪ್ಪ ಮುಚ್ಚಿದ ತೂತುಗಳು

ಬೆಳಿಗ್ಗೆ ಆರೂವರೆಗೆ ಬೆಳ್ಳಿ ಹೊರಗೆ ಬಂದು ನೋಡಿದಾಗ ಅವಳ ಮೇಜುಹಾಸಿನ ದೊಡ್ಡ ತೂತುಗಳೆಲ್ಲ ಮುಚ್ಚಿಹೋಗಿದ್ದವು.

ಹಾಸು ಬಿಳಿ ನೂಲಿನದು. ಮುಚ್ಚಿದ್ದು ಮೀನುಬಲೆಯ ಕಂದು ಹುರಿಯಿಂದ. ಒಂದೊಂದು ಗಂಟೂ ಬಿಗಿ, ಒಂದೊಂದು ಕಣ್ಣೂ ಸಮ. ಇದು ಯಾರ ಕೈಕೆಲಸ ಎಂದು ಕೇಳಬೇಕಾಗಿರಲಿಲ್ಲ. ತದಡಿಯಲ್ಲಿ ಇಷ್ಟು ಚೊಕ್ಕವಾಗಿ ಬಲೆ ಕಟ್ಟುವವರು ಇಬ್ಬರೇ ಇದ್ದರು. ಒಬ್ಬ ಹಿಂದಿನ ವರ್ಷ ತೀರಿಕೊಂಡಿದ್ದ. ಇನ್ನೊಬ್ಬ ಅವಳ ಮಾವ ದುರ್ಗಪ್ಪ, ಜಗಲಿಯ ಮೇಲೆ ಕುಳಿತು ಗಂಜಿ ಉಣ್ಣುತ್ತಿದ್ದ.

"ಮಾವ, ಇದೆಂತ ಮಾಡಿದ್ರಿ?"

"ಎಂತ ಮಾಡೂದು? ಇಲಿ ಕಡಿದು ಹಾಳು ಮಾಡಿತ್ತು. ಕಟ್ಟಿಟ್ಟೆ." ದುರ್ಗಪ್ಪ ಉಪ್ಪಿನಕಾಯಿ ನೆಕ್ಕಿದ. "ಎಷ್ಟು ತೂತೇ ಮಾರಾಯ್ತಿ! ನಿನ್ನ ಕಣ್ಣಿಗೆ ಬೀಳ್ಲೇ ಇಲ್ವಾ?"

"ಇಲಿ ಅಲ್ಲ ಮಾವ. ಆ ತೂತು ನಾನೇ ಮಾಡಿದ್ದು."

ದುರ್ಗಪ್ಪನ ಕೈ ಬಟ್ಟಲಲ್ಲೇ ನಿಂತಿತು. "ಬೇಕಂತೇಳಿ?"

"ಬೇಕಂತೇಳಿ. ಅದು ಅನಾನಸು."

ಅವನು ಹಾಸನ್ನು ನೋಡಿದ. ಸೊಸೆಯ ಮುಖ ನೋಡಿದ. ಮತ್ತೆ ಹಾಸನ್ನು ನೋಡಿದ.

"ಯಾವ ಬದಿಯಿಂದ?"

ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಒದ್ದೆ ಬಲೆಯನ್ನು ಅಂಗಳದಾಚೆಯ ಬಿದಿರಿನ ಗಳದ ಮೇಲೆ ಹರವಬೇಕು. ಹರಿದ ಬಲೆಯನ್ನು ಸೂರಿನ ಕೆಳಗಿನ ಗಳಕ್ಕೆ ಹಾಕಬೇಕು. ಸೂರಿನ ಗಳದ ಮೇಲೆ ಏನಿದೆಯೋ ಅದು ಹರಿದದ್ದು ಎಂದೇ ಲೆಕ್ಕ. ಯಾರ ಕೈ ಖಾಲಿ ಇದೆಯೋ ಅವರು ಕೂತು ಕಟ್ಟಬೇಕು, ಕೇಳುವ ಹೇಳುವ ಮಾತಿಲ್ಲ. ಹಿಂದಿನ ದಿನ ಬೆಳ್ಳಿ ಹಾಸನ್ನು ತೊಳೆದು, ಗಂಜಿ ಹಾಕಿ, ಇಬ್ಬನಿ ಬೀಳಬಾರದೆಂದು ಸೂರಿನ ಗಳದ ಮೇಲೆ ಹರವಿದ್ದಳು. ಆಚೆಯ ಗಳ ಮೀನು ನಾರುತ್ತಿತ್ತು. ಆ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಪದ್ಧತಿ ನೆನಪಿಗೆ ಬಂದಿರಲಿಲ್ಲ. ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ತಿಳಿದಾಗ ಅವಳ ಸಿಟ್ಟು ಇಳಿಯುವ ಬದಲು ಏರಿತು.

ಅಂದು ಹನ್ನೊಂದು ಗಂಟೆಗೆ ಈ ಹಾಸು ಕುಮಟೆಯಲ್ಲಿ ಇರಬೇಕಿತ್ತು.

ಕುಮಟೆಯ ಹೆಂಗಸರ ಮಂಡಳಿಯೊಂದು ಹುಡುಗಿಯರಿಗೆ ಕೊಕ್ಕೆಸೂಜಿಯ ಹೆಣಿಗೆ, ಕ್ರೋಶಾ, ಕಲಿಸುವ ವರ್ಗ ತೆರೆಯುತ್ತಿತ್ತು. ಕಲಿಸಲು ಒಬ್ಬಳು ಬೇಕಾಗಿದ್ದಳು. ಬಂದವರು ಸ್ವಂತ ಕೈಯಿಂದ ಮಾಡಿದ ಒಂದು ಪೂರ್ತಿ ಕೆಲಸವನ್ನು ತಂದು ತೋರಿಸಬೇಕು. ಬೆಳ್ಳಿ ಕ್ರೋಶಾ ಕಲಿತದ್ದು ಅದೇ ಊರಿನ ಸುಭದ್ರಾಬಾಯಿಯ ಹಿತ್ತಿಲ ಜಗಲಿಯಲ್ಲಿ. ಮೀನು ಮಾರಿ ಬುಟ್ಟಿ ಖಾಲಿಯಾದ ಮೇಲೆ ಅಲ್ಲೇ ಕುಳಿತು ಮೊದಲು ಸರಪಳಿ ಹಾಕಲು, ಆಮೇಲೆ ಸರಪಳಿಯ ಮೇಲೆ ಕಂಬ ನಿಲ್ಲಿಸಲು, ಕೊನೆಗೆ ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಅನಾನಸು ನಮೂನೆ ಮಾಡಲು ಕಲಿತಿದ್ದಳು. ಅನಾನಸುಗಳ ನಡುನಡುವೆ ದೊಡ್ಡ ಬಯಲು ಬಿಡಬೇಕು. ಬಯಲು ಇಲ್ಲದಿದ್ದರೆ ಹಣ್ಣು ಕಾಣುವುದಿಲ್ಲ.

ಸುಭದ್ರಾಬಾಯಿ ಗಂಡನಿಗೆ ವರ್ಗಾವಣೆಯಾಗಿ ಧಾರವಾಡಕ್ಕೆ ಹೋಗುವಾಗ ತಮ್ಮಲ್ಲಿ ಉಳಿದಿದ್ದ ನೂಲಿನ ಉಂಡೆಗಳನ್ನು ಅವಳಿಗೆ ಕೊಟ್ಟಿದ್ದರು. ಯುದ್ಧ ಶುರುವಾಗಿ ಐದು ವರ್ಷ. ಕುಮಟೆ, ಹೊನ್ನಾವರ, ಭಟ್ಕಳ ಎಲ್ಲಿ ಕೇಳಿದರೂ ಅಂಥ ನೂಲು ಇಲ್ಲ. ಇದ್ದದ್ದೆಲ್ಲ ಈ ಒಂದು ಹಾಸಿನಲ್ಲೇ ಮುಗಿದಿತ್ತು. ಇದು ಕೆಟ್ಟರೆ ಇನ್ನೊಂದಿಲ್ಲ, ಮೀನಿನ ಬುಟ್ಟಿಯೇ ಗತಿ.

ಬೆಳ್ಳಿ ಚಾಕು ತಂದು ಕುಳಿತಳು. ಬಲೆಯ ಗಂಟು ಬಿಚ್ಚಲೆಂದು ಹಾಕುವುದಲ್ಲ. ಎಳೆದಷ್ಟೂ ಬಿಗಿಯುತ್ತದೆ. ಒಂದೊಂದು ಹುರಿಯನ್ನೂ ಬಿಳಿ ನೂಲಿಗೆ ತಾಗದಂತೆ ಕೊಯ್ಯಬೇಕಾಯಿತು.

ಅತ್ತೆ ಹಮ್ಮ ಹಿಂದೆ ಬಂದು ನಿಂತಳು. "ಅಯ್ಯೋ, ಕೊಯ್ಬೇಡ್ವೇ. ಗಟ್ಟಿಯಾಗಿತ್ತು."

"ಗಟ್ಟಿ ಬೇಡ ಅತ್ತೆ. ತೂತು ಬೇಕು."

"ನೀನು ಕೇಳ್ದೆ ಕಟ್ಟಿದ್ದು ಯಾಕೆ?" ಎಂದು ಹಮ್ಮ ಗಂಡನ ಕಡೆ ತಿರುಗಿದಳು.

"ಸೂರಿನ ಗಳದ ಮೇಲೆ ಇತ್ತು," ಎಂದ ದುರ್ಗಪ್ಪ. ಅವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಆದರೆ ಅವನು ಸುಮ್ಮನಿರುವ ಜಾತಿಯಲ್ಲ. "ಅಲ್ಲ ಬೆಳ್ಳಿ, ಅಷ್ಟಷ್ಟು ದೊಡ್ಡ ತೂತು ಇದ್ರೆ ಚಾ ಕಪ್ಪು ಬಸಿ ಕೆಳಗೆ ಬೀಳೂದಿಲ್ವಾ?"

"ಕೆಳಗೆ ಮೇಜು ಇರ್ತದೆ ಮಾವ."

"ಮೇಜು ಇದ್ದ ಮೇಲೆ ಇದು ಎಂತಕ್ಕೆ?"

ಬೆಳ್ಳಿ ಮುಂದಿನ ಹುರಿಗೆ ಚಾಕು ಹಾಕಿದಳು. ಅದೇ ಗಳಿಗೆಯಲ್ಲಿ ಚಾಕು ಜಾರಿ ಬಿಳಿ ನೂಲನ್ನೇ ಕೊಯ್ದಿತು. ಒಂದು ಕಂಬ ಕಳಚಿತು, ಅದರ ಬೆನ್ನಿಗೆ ಇನ್ನೊಂದು ಕಳಚಿತು. ಅವಳು ಸಡಿಲವಾದ ಕುಣಿಕೆಗಳನ್ನು ಪಿನ್ನಿನಲ್ಲಿ ಹಿಡಿದು ನಿಲ್ಲಿಸಿದಳು. ಹಾಸಿನ ಅಂಚು ಬಿಡುಗಡೆಯಾಗಿತ್ತು. ನಡುವಿನ ಸುತ್ತು ಇನ್ನೂ ಕಂದಾಗಿಯೇ ಇತ್ತು. ಹೊಳೆಯಲ್ಲಿ ನೀರಿನ ಇಳಿತ ಶುರುವಾದರೆ ದೋಣಿಯನ್ನು ಕೆಸರಿನಲ್ಲಿ ಎಳೆಯಬೇಕಾದೀತು. ಇದ್ದ ಹಾಗೆಯೇ ಮಡಿಸಿ ಹೊರಟಳು.

ಗಂಡ ನಾರಾಯಣ ಹಾಯಿ ಕಟ್ಟಿದ ಮಚವೆಯ ಮೇಲೆ ಮುಂಬಯಿಗೆ ಹೋಗಿದ್ದ. ದೋಣಿ ದಾಟಿಸಬೇಕಾದವನು ದುರ್ಗಪ್ಪನೇ. ಅಘನಾಶಿನಿ ಹೊಳೆಯ ಆಚೆ ದಡದಲ್ಲಿ ಅವಳನ್ನು ಇಳಿಸಿ ಅವನು ತಿರುಗಿ ಹೋಗಬೇಕಿತ್ತು. ಹೋಗದೆ ದೋಣಿಯನ್ನು ಗೂಟಕ್ಕೆ ಕಟ್ಟಿದ.

"ನಾನೂ ಬತ್ತೆ."

"ಬೇಡ ಮಾವ."

"ನಾ ಕಟ್ಟಿದ್ದು, ನಾ ಹೇಳ್ತೆ. ನಿನ್ನ ಮೇಲೆ ತಪ್ಪು ಬರಬಾರ್ದು."

"ನೀವು ಏನೂ ಹೇಳೂದು ಬೇಡ. ಅಲ್ಲಿ ಜಗಲಿ ಮೇಲೆ ಕೂತಿರಿ, ಸಾಕು."

"ಆತು. ಕೂತೇ ಇರ್ತೆ."

ಕುಮಟೆಯ ಮಂಡಳಿಯ ಕೋಣೆಯಲ್ಲಿ ಮೂವರು ಹೆಂಗಸರು ಕುಳಿತಿದ್ದರು. ಅಧ್ಯಕ್ಷೆ ಅಂಬಾಬಾಯಿ ವಕೀಲರ ಹೆಂಡತಿ. ಅವರು ಹಾಸನ್ನು ಬಿಡಿಸಿದರು, ಬೆರಳಿನಲ್ಲಿ ಕಂದು ಗಂಟನ್ನು ಮುಟ್ಟಿದರು, ಪಿನ್ನು ನೋಡಿದರು.

"ಇದು ಯಾರ ಮನೆಯ ಹಳೇ ಹಾಸು?"

"ನಾನು ಮಾಡಿದ್ದು ಬಾಯಿ. ಹೊಸದು."

"ಹೊಸದಕ್ಕೆ ಇಷ್ಟು ತೇಪೆಯೇ?"

ಬೆಳ್ಳಿ ನಡೆದದ್ದನ್ನು ನಡೆದಂತೆ ಹೇಳಿದಳು. ಗಳ ಎಂದಳು, ಪದ್ಧತಿ ಎಂದಳು, ಇಲಿ ಎಂದಳು. ಹೇಳುತ್ತ ಹೋದ ಹಾಗೆ ನಿಜವೇ ಸುಳ್ಳಿನಂತೆ ಕೇಳತೊಡಗಿತು. ಅಂಬಾಬಾಯಿ ಪಕ್ಕದವರ ಮುಖ ನೋಡಿದರು.

"ನೋಡು, ಯಾರೋ ಹರಿದದ್ದನ್ನು ಕೊಟ್ಟಿದ್ದಾರೆ, ನಿಮ್ಮ ಮನೆಯವರು ರಿಪೇರಿ ಮಾಡಿದ್ದಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಲೇಸಿಗೂ ಹರಕಿಗೂ ವ್ಯತ್ಯಾಸ ತಿಳಿಯದವರು ಲೋಕದಲ್ಲಿ ಇರುತ್ತಾರೆಯೇ?"

"ಇರ್ತಾರೆ ಬಾಯಿ. ನಮ್ಮನೇಲೇ ಇದ್ದಾರೆ."

"ನಾಳೆ ಹೊನ್ನಾವರದಿಂದ ಒಬ್ಬರು ಬರುವವರಿದ್ದಾರೆ," ಎಂದು ಅಂಬಾಬಾಯಿ ಹಾಸನ್ನು ಮಡಿಸಿ ಮುಂದೆ ಚಾಚಿದರು.

ಆಗ ಹೊರಗಿನಿಂದ ಕಸ ಗುಡಿಸುವ ಮಂಜಿಯ ಕೂಗು ಕೇಳಿತು. "ಬಾಯೀ! ಈ ಅಜ್ಜ ನಿಮ್ಮ ಪರದೆ ಹಿಡ್ಕಂಡು ಕೂತಾನೆ!"

ಜಗಲಿಯ ಬಾಗಿಲಿಗೆ ಅಂಬಾಬಾಯಿ ಬಹುಪಾಲು ತಾವೇ ಹೆಣೆದ ಕ್ರೋಶಾ ಪರದೆ ಇತ್ತು. ದುರ್ಗಪ್ಪ ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಸೊಂಟದಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಬಿದಿರಿನ ಸೂಜಿಯಿಂದ ಮೂರನೆಯ ತೂತನ್ನು ಮುಚ್ಚುತ್ತಿದ್ದ. ಎಲ್ಲರೂ ಬಂದು ನಿಂತರೂ ಗಂಟು ಮುಗಿಯುವ ತನಕ ತಲೆ ಎತ್ತಲಿಲ್ಲ.

"ಮಾವ!"

"ಈ ಸಲ ಸಮಾ ನೋಡ್ಕಂಡೇ ಮಾಡಿದೆ," ಎಂದ ದುರ್ಗಪ್ಪ. "ಇದ್ರಲ್ಲಿ ಅನಾನಸು ಇಲ್ಲ. ಎರಡೆರಡು ಸಲ ನೋಡ್ದೆ. ಇದು ಹರಿದದ್ದೇ."

"ಅದು ಹಂಸ!" ಎಂದರು ಅಂಬಾಬಾಯಿ. ಅವರ ದನಿ ಎಂದಿಗಿಂತ ಮೇಲಕ್ಕೆ ಹೋಗಿತ್ತು.

"ಹಂಸಕ್ಕೆ ಹೊಟ್ಟೆ ತೂತಾ?"

ಮಂಡಳಿಯವರಲ್ಲಿ ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೆಳ್ಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬೆಳಗಿನಿಂದ ಹಿಡಿದಿಟ್ಟದ್ದು ಒಂದೇ ಮಾತಾಗಿ ಹೊರಬಿತ್ತು.

"ಕೈ ಕಟ್ಟಿ ಕೂತ್ಕಳಿ ಮಾವ!"

ಆ ಮನೆಗೆ ಬಂದಾಗಿನಿಂದ ಅವಳು ಮಾವನಿಗೆ ಹಾಗೆ ಹೇಳಿದ್ದಿಲ್ಲ. ದುರ್ಗಪ್ಪ ಸೂಜಿಯನ್ನು ಕೆಳಗಿಟ್ಟು ಕೈ ಕಟ್ಟಿ ಕುಳಿತ.

ಬೆಳ್ಳಿ ನೆಲದ ಮೇಲೆ ಕೂತು ಪರದೆಯನ್ನು ಮಡಿಲಿಗೆ ಎಳೆದುಕೊಂಡಳು. ಈ ಗಂಟುಗಳು ಈಗಷ್ಟೇ ಹಾಕಿದವು, ಇನ್ನೂ ಕಚ್ಚಿರಲಿಲ್ಲ. ಸೊಂಟದ ಗಂಟಿನಿಂದ ಕ್ರೋಶಾ ಸೂಜಿ ತೆಗೆದು, ಅದರ ಕೊಕ್ಕೆಯಿಂದ ಹುರಿಯನ್ನು ಒಂದೊಂದಾಗಿ ಮೀಟಿ ಬಿಡಿಸಿದಳು. ಬಿಗಿ ಎಳೆತಕ್ಕೆ ಎರಡು ಕಂಬ ಒಂದರ ಮೇಲೊಂದು ಕೂತಿದ್ದವು. ಅವುಗಳನ್ನು ಬೇರೆ ಮಾಡಿ, ಹೆಚ್ಚಾಗಿ ಬಂದಿದ್ದ ನೂಲನ್ನು ಕಣ್ಣಿಂದ ಕಣ್ಣಿಗೆ ಹಿಂದಕ್ಕೆ ಸರಿಸುತ್ತ ಹೋದಳು. ಅಂಬಾಬಾಯಿ ಬಗ್ಗಿ ನೋಡುತ್ತಿದ್ದರು.

"ಹಿಂದೆ ಎಲ್ಲಿಯ ತನಕ ಹೋಗುತ್ತಿ?"

"ಈ ಸಾಲು ತಿರುಗೋ ಜಾಗದ ತನಕ. ಇಲ್ಲೇ ಬಿಟ್ರೆ ಒಂದು ಕಡೆ ಉಬ್ಬಿಕೊಳ್ತದೆ." ಅವಳು ತಲೆ ಎತ್ತಲಿಲ್ಲ. "ನೀವು ಎರಡು ಸರಪಳಿಗೆ ಒಂದು ಕಂಬ ಹಾಕಿದ್ದು. ಮೇಲಿನ ಹಂಸಕ್ಕೆ ಮೂರು ಸರಪಳಿಗೆ ಒಂದು."

"ಮೇಲಿನದು ನನ್ನ ಅಕ್ಕ ಹಾಕಿದ್ದು."

"ಹೌದು. ಕೈ ಬೇರೆ."

ಮೂರನೆಯ ಹಂಸದ ಹೊಟ್ಟೆ ಮತ್ತೆ ತೂತಾಯಿತು. ಅಂಬಾಬಾಯಿ ಪರದೆಯನ್ನು ಬೆಳಕಿಗೆ ಹಿಡಿದರು. ಆಮೇಲೆ ದುರ್ಗಪ್ಪನ ಕಡೆ ನೋಡಿದರು.

"ನೀನು ಹೇಳಿದ ಮಾವ ಇವನೇ ಏನು?"

"ಇವರೇ."

"ತದಡಿಯಲ್ಲಿ ಕೇಳಿ ಬೇಕಾದ್ರೆ," ಎಂದು ದುರ್ಗಪ್ಪ ಕಟ್ಟಿದ ಕೈ ಬಿಡಿಸದೆಯೇ ಹೇಳಿದ. "ನಾ ಕಟ್ಟಿದ ಬಲೆಯಿಂದ ಒಂದು ಸಿಗಡಿ ಹೊರಗೆ ಹೋದದ್ದಿಲ್ಲ."

"ಅದು ಕಾಣುತ್ತಿದೆ," ಎಂದರು ಅಂಬಾಬಾಯಿ. ಅವರು ಒಳಗೆ ಹೋಗಿ ಬೆಳ್ಳಿಯ ಮೇಜುಹಾಸನ್ನು ಮತ್ತೆ ಬಿಡಿಸಿದರು. ಈ ಬಾರಿ ಕಂದು ಗಂಟನ್ನು ಬಿಟ್ಟು ಬಿಳಿ ನೂಲನ್ನು ನೋಡಿದರು, ಸುತ್ತಿನಿಂದ ಸುತ್ತಿಗೆ. ಇನ್ನಿಬ್ಬರ ಜೊತೆ ಕೊಂಕಣಿಯಲ್ಲಿ ಏನೋ ಮಾತಾಡಿಕೊಂಡರು.

"ಹೊನ್ನಾವರದವರಿಗೆ ಬರಬೇಡಿ ಎಂದು ಹೇಳಿ ಕಳಿಸುತ್ತೇನೆ," ಎಂದರು. "ನೀನು ಬಾ. ಒಬ್ಬಳೇ ಬಾ."

ವರ್ಗ 1944ರ ಡಿಸೆಂಬರ್ ಮೊದಲ ಸೋಮವಾರ ಶುರುವಾಯಿತು. ಒಂಬತ್ತು ಹುಡುಗಿಯರು ಬಂದರು. ಮೊದಲ ದಿನ ಬೆಳ್ಳಿ ಅವರಿಗೆ ಸರಪಳಿ ಹಾಕುವುದನ್ನು ಮಾತ್ರ ಕಲಿಸಿದಳು.