ಗೂಡಿನೊಳಗಿನ ಸದ್ದು

ಟಕ್, ಮತ್ತೆ ಟಕ್ — ಲಕ್ಷ್ಮಿದೇವಮ್ಮ ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಆಲಿಸಿ, ಬುಟ್ಟಿಗೆ ಹಾಕಿದರು, ಹರಿಕೃಷ್ಣ ಲ್ಯಾಪ್‌ಟಾಪ್ ಬಿಟ್ಟು ಅದನ್ನೇ ನೋಡುತ್ತಿದ್ದಾನೆ, ನೋಡಬೇಕಾದದ್ದು ಪಟ್ಟಿ, ಹನ್ನೆರಡು ಗಂಟೆಯೊಳಗೆ ಅದು ಹೆಡ್ಡಾಫೀಸಿಗೆ ಹೋಗಬೇಕು, ಗೂಡು ವಿಂಗಡಿಸುವ ಮಿಷಿನ್ ಮಾಡುವ ಶಿಡ್ಲಘಟ್ಟದ ಈ ಪುಟ್ಟ ಕಂಪನಿಯನ್ನು ತಾನು ಕೆಲಸ ಮಾಡುವ ದೊಡ್ಡ ಕಂಪನಿ ಕೊಂಡಾಯಿತು, ಇನ್ನು ಯಾರು ಉಳಿಯಬೇಕು ಅಂತ ಬರೆಯುವವನು ತಾನು, ಹನ್ನೊಂದು ಹೆಸರು, ಎಲ್ಲರೂ ಇಂಜಿನಿಯರುಗಳು, ದಿನಗೂಲಿಯ ಈಯಮ್ಮನ ಹೆಸರಿಲ್ಲ — ಅಯ್ಯೋ ಸಾರ್, ನಮ್ ಮಿಷಿನ್‌ಗೆ ಮೇಷ್ಟ್ರೇ ಆಯಮ್ಮ, ಅಂದಿದ್ದ ಕಂಪನಿ ಕಟ್ಟಿದ ವೇಣುಗೋಪಾಲ್, ಕ್ಯಾಮೆರಾ ಬರೀ ಗೂಡಿನ ಬಿಳುಪು ನೋಡ್ತದೆ, ಒಳಗಿಂದು ಹೇಳೋದು ಆಯಮ್ಮ, ನಾಲ್ಕು ವರ್ಷ ಅದರ ತಪ್ಪು ತಿದ್ದವ್ರೆ — ಅಬ್ಬಾ, ಎಂಥಾ ಕಿವಿ! ಇವನ ಎರಡು ಡಿಗ್ರಿ ಆ ಕಿವಿಯ ಓಲೆಗೂ ಸಾಟಿಯಲ್ಲ. ಚಿಂತಾಮಣಿಯಲ್ಲೂ ಹೀಗೇ ಟೊಮೇಟೊ ವಿಂಗಡಿಸುವ ಮಿಷಿನ್‌ನ ಒಂದು ಕಂಪನಿ ಕೊಂಡಿದ್ದರಲ್ಲ, ಮೆಚ್ಚಿದ್ದು ಆ ಜನರ ಚುರುಕನ್ನು, ಕೊಂಡ ಮೇಲೆ ಮೊದಲು ಕಿತ್ತದ್ದೂ ಅದನ್ನೇ, ಬೆಳಗಿನ ಐದಕ್ಕೆ ತರಕಾರಿ ಮಂಡಿಯಲ್ಲಿ ನಿಲ್ಲುತ್ತಿದ್ದವರನ್ನು ಬೆಂಗಳೂರಿನ ಮೀಟಿಂಗಿಗೆ ಕೂರಿಸಿ, ಒಂದು ಸ್ಕ್ರೂ ಕೊಳ್ಳಲು ಮೂರು ಸಹಿ, ಮೂಗಿಗಿಂತ ಮೂಗುತಿ ಭಾರ, ಆರು ತಿಂಗಳಲ್ಲಿ ಒಬ್ಬೊಬ್ಬರೇ ಎದ್ದು ಹೋದರು, ಬೋರ್ಡು ಇನ್ನೂ ಹೊಳೆಯುತ್ತದೆ, ಆ ಪಟ್ಟಿ ಬರೆದವನೂ ತಾನೇ, ನೆನೆದರೆ ನಾಚಿಕೆ.

ಬೆಳಿಗ್ಗೆ ಹೆಡ್ಡಾಫೀಸಿನ ಶೋಭಾರಾಣಿ ಫೋನಿನಲ್ಲಿ — ಹರೀ, ಆ ಲಕ್ಷ್ಮಿದೇವಮ್ಮಂಗೆ ಡಿಗ್ರಿ ಇಲ್ಲ, ಕೋಡ್ ಬರಿಯಲ್ಲ, ಯಾವ ಕಾಲಮ್‌ಗೆ ಹಾಕಣ, ಬೆಂಗಳೂರಿಗಾದ್ರೂ ಬರ್ತಾರಾ ಕೇಳು — ಕೇಳಿದ, ಲಕ್ಷ್ಮಿದೇವಮ್ಮ ನಕ್ಕರು, ಗೂಡು ಇಲ್ಲೇ ಅವೆ, ನಾನಲ್ಲಿ ಬಂದು ಏನ್ ಅಲ್ಲಾಡಿಸ್ಲಪ್ಪ, ನಿಮ್ ಸಾಹೇಬ್ರ ತಲೇನಾ? ಕೆಲಸ ಹೋಗಬಹುದಮ್ಮ ಅಂದರೆ ಅದಕ್ಕೂ ನಗು, ಕಿವಿ ನಂದೇ ಅಲ್ವಾ ನಾಯ್ನಾ, ನೂಲು ತೆಗೆಯೋರು ಪಕ್ಕದಲ್ಲೇ ಕರೀತಾವ್ರೆ, ನಿಂದು ನೋಡ್ಕೋ. ಆಮೇಲೆ ಇವನ ಅಂಗೈಗೆ ಎರಡು ಗೂಡು ಇಟ್ಟರು, ಎರಡೂ ಒಂದೇ ಬಿಳುಪು, ಒಂದು ಟಕ್ ಅಂತು, ಇನ್ನೊಂದು ಎಷ್ಟು ಅಲ್ಲಾಡಿಸಿದರೂ ಇಲ್ಲ — ಒಳಗೆ ಹುಳ ಸತ್ತು ಅಂಟ್ಕಂಡದೆ ಕಣಪ್ಪ, ಹೊರಗೆ ಗೊತ್ತಾಗಲ್ಲ — ಚಿಂತಾಮಣಿಯ ಆ ಹೊಳೆಯುವ ಬೋರ್ಡು ಕಣ್ಣ ಮುಂದೆ ಬಂತು. ಈಗ ಹನ್ನೆರಡಕ್ಕೆ ಐದು ನಿಮಿಷ, ಹನ್ನೆರಡನೆಯ ಹೆಸರು ಲಕ್ಷ್ಮಿದೇವಮ್ಮ ಅಂತ ಬರೆದಿದ್ದಾನೆ, ಊರಿನ ಜಾಗದಲ್ಲಿ ಆರಿಸಲು ಶಿಡ್ಲಘಟ್ಟ ಇಲ್ಲವೇ ಇಲ್ಲ, ಇರುವುದು ಬೆಂಗಳೂರು, ಹೈದರಾಬಾದು, ಪುಣೆ, ಥೂ, ಫೋನು ಮಾಡಿದ, ಶೋಭಾ, ಹನ್ನೆರಡು ಜನಾನೂ ಇಲ್ಲೇ ಇರ್ತಾರೆ, ಅವರ ಕೆಲಸ ಅವರ ಥರಾನೇ ನಡೀಲಿ, ಆಗಲ್ಲ ಅಂದ್ರೆ ನನ್ನ ಹೆಸರೂ ತೆಗೆದ್ಬಿಡು, ಅಂದೇಬಿಟ್ಟ, ಮನೆ ಸಾಲ, ಮಗಳ ಸ್ಕೂಲು, ಅಂದದ್ದು ಅಂದಾಯಿತು — ಶೋಭಾಳ ಉತ್ತರಕ್ಕೆ ಫೋನು ಕಿವಿಗೆ ಒತ್ತಿ ಹಿಡಿದಿದ್ದಾನೆ, ಎದುರಿಗೆ ಲಕ್ಷ್ಮಿದೇವಮ್ಮನ ಕೈ, ಕಿವಿಯ ಹತ್ತಿರ ಗೂಡು, ಮುಚ್ಚಿದ ಕಣ್ಣು, ಸದ್ದಿಲ್ಲ, ಇನ್ನೂ ಸದ್ದಿಲ್ಲ, ಆ ಕೈ, ಕಿವಿಯ ಹತ್ತಿರ ಗೂಡು —