ಬೇಕರಿಯವನ ಮೈವಾಸನೆ

ಗಂಡನಾದವನು ಹೆಂಡತಿಗೆ ಏನೇನೋ ಕೊಡುತ್ತಾನೆ. ನಾನು ಎಡಗೈ ಕೊಟ್ಟಿದ್ದೆ. ಬೇಕರಿ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನವಳು ಪುಟ್ಟ ಸೀಸೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಮಣಿಕಟ್ಟಿಗೆ ಒಂದು ಹನಿ ಹಚ್ಚುವಳು, ಮೂಸುವಳು, ಊಟವಾದ ಮೇಲೆ ಮತ್ತೆ ಮೂಸುವಳು. ತರಕಾರಿ ತರಲು ಹೋದರೂ ಆ ಕೈ ಚೀಲ ಹಿಡಿಯುವ ಹಾಗಿರಲಿಲ್ಲ.

ಅವಳಿಗೆ ಕೆಲಸ ಸೋದರತ್ತೆಯ ಸೆಂಟಿನ ಕಾರ್ಖಾನೆಯಲ್ಲಿ. ವರ್ಷಗಟ್ಟಲೆ ಬೇರೆಯವರು ಬೆರೆಸಿದ್ದನ್ನು ಸೀಸೆಗೆ ತುಂಬಿ ಮುಚ್ಚಳ ಹಾಕಿದ್ದೇ ಆಯಿತು. ಈಗ ಅತ್ತೆ ಮೊದಲ ಸಲ ಅವಳಿಗೇ ಒಂದು ಕೆಲಸ ಒಪ್ಪಿಸಿದ್ದರು. ಗಂಡಸರಿಗೆ ಬೆಚ್ಚನೆಯ, ಮಸಾಲೆಯ ಘಮದ ಸೆಂಟು ಮಾಡಬೇಕು. ಗೆದ್ದರೆ ಬೆರೆಸುವ ಮೇಜಿನಲ್ಲಿ ಜಾಗ, ಸೋತರೆ ಮತ್ತೆ ಮುಚ್ಚಳ. ಅಣ್ಣನ ಮಗಳು ಅಂತ ರಿಯಾಯಿತಿ ತೋರಿಸುವ ಹೆಂಗಸಲ್ಲ ಅವರು.

ಮೊದಮೊದಲು ನನ್ನ ಕೈ ಥೇಟ್ ಮಸಾಲೆ ಡಬ್ಬಿ. ಆಮೇಲೆ ಲವಂಗ ತಗ್ಗಿಸಿದಳು, ಕರಿಮೆಣಸು ಉಳಿಸಿದಳು, ಕಿತ್ತಳೆ ಸಿಪ್ಪೆಯ ಎಣ್ಣೆ ಸೇರಿಸಿದಳು. ಕೊನೆಯವರೆಗೆ ಉಳಿಯುವ ಘಮಕ್ಕೆಂದು ಹಾಕಿದ್ದ ವೆನಿಲ್ಲಾ, ಸಾಂಬ್ರಾಣಿ ಎರಡೂ ಭಾರವಾದವೆಂದು ತೆಗೆದೇಬಿಟ್ಟಳು. ಒಂದು ಸಂಜೆ ಮೂಸಿದವಳು ನನ್ನ ಕೈ ಹಿಡಿದುಕೊಂಡೇ ಕುಳಿತಳು. ಮೊದಲು ಕಿತ್ತಳೆಯ ಚುರುಕು, ಬೆನ್ನಿಗೇ ಮೆಣಸು, ಕೊನೆಗೆ ಕಂಬಳಿಯೊಳಗಿನ ಬಿಸಿ. ಇದೇ, ಅಂದಳು. ನನಗೂ ಖುಷಿಯೋ ಖುಷಿ.

ಅತ್ತೆ ಸೆಂಟು ಅದ್ದಿದ ಕಾಗದದ ಪಟ್ಟಿ ಮೂಸಿ ಒಪ್ಪುವವರಲ್ಲ. ಕಾಗದ ಬೆವರುವುದಿಲ್ಲವಲ್ಲ ಎಂಬುದು ಅವರ ತಕರಾರು. ಕಾರ್ಖಾನೆಯ ಡ್ರೈವರಣ್ಣನ ಮಣಿಕಟ್ಟಿಗೆ ಹನಿ ಹಚ್ಚಿ, ಒಂದು ಸುತ್ತು ಸಾಮಾನು ಇಳಿಸಿ ಬಾ ಎಂದು ಕಳಿಸಿದರಂತೆ. ಡ್ರೈವರಣ್ಣನೆಂದರೆ ಗುಡಾಣದಂಥ ಹೊಟ್ಟೆಯ, ಮೊಮ್ಮಕ್ಕಳನ್ನು ಕಂಡ ಮನುಷ್ಯ. ಅವನು ವಾಪಸು ಬಂದಾಗ ಅತ್ತೆ ಮೂಸಿ ಮುಖ ಸಿಂಡರಿಸಿದರಂತೆ, ಹಲ್ಲುನೋವಿಗೆ ಹಚ್ಚುವ ಎಣ್ಣೆಯ ಹಾಗಿದೆ ಅಂತ. ತನ್ನ ಹಲ್ಲೆಲ್ಲ ಗಟ್ಟಿಯಾಗಿಯೇ ಇವೆ ಎಂದು ಅವನು ಬೇರೆ ಗಾಯಕ್ಕೆ ಉಪ್ಪು ಸವರಿದನಂತೆ. ಅತ್ತೆ ಇನ್ನೊಂದೇ ಅವಕಾಶ ಕೊಟ್ಟರು.

ಅವತ್ತು ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಅದೇ ಸೆಂಟು ನನ್ನ ಮೇಲೆ ಬೆಚ್ಚಗಿದೆ, ಅವನ ಮೇಲೆ ಬರೀ ಖಾರ. ಹಾಗಾದರೆ ಆ ಬಿಸಿ ಎಲ್ಲಿಂದ ಬಂತು? ನಾನು ಬಿಚ್ಚಿಟ್ಟ ಅಂಗಿ ಎತ್ತಿ ಮೂಸಿದಳು. ಯಾವ ವಾಸನೆಯೂ ಸಿಗಲಿಲ್ಲ. ದಿನವಿಡೀ ಭಟ್ಟಿಯ ಮುಂದೆ ನಿಲ್ಲುವವನ ಅಂಗಿಗೆ ವಾಸನೆಯೇ ಇಲ್ಲವೆಂದರೆ ಹೇಗೆ? ಅಲ್ಲಿಗೆ ಅವಳಿಗೆ ಹೊಳೆಯಿತು. ಜೊತೆಗಿದ್ದು ಇದ್ದು ಅವಳ ಮೂಗಿಗೆ ನಾನು ಇಲ್ಲದವನೇ ಆಗಿಬಿಟ್ಟಿದ್ದೆ; ನನ್ನ ಮೈಯ ಬಿಸಿಯನ್ನೇ ಸೆಂಟಿನದೆಂದು ಎಣಿಸಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಬೇಜಾರೇ ಆಯಿತು.

ಬೆಳಗ್ಗೆ ಅವಳು ಗಂಟುಮೂಟೆ ಕಟ್ಟಿ ತವರಿಗೆ ಹೊರಟಳು. ಜಗಳವೇನಲ್ಲ, ಮೂಗಿಗೆ ನನ್ನ ರೂಢಿ ತಪ್ಪಬೇಕಂತೆ, ಆಗಲೇ ನನ್ನ ವಾಸನೆ ಮತ್ತೆ ಸಿಗುವುದಂತೆ. ವಾರ ಕಳೆದ ಮೇಲೆ ಮನೆಗೂ ಹೋಗದೆ ನೇರ ಬೇಕರಿಗೆ ಬಂದು, ಗಿರಾಕಿಗಳೆದುರೇ ನನ್ನ ಕತ್ತಿನ ಬಳಿ ಮೂಗಿಟ್ಟು ಕಣ್ಣು ಮುಚ್ಚಿದಳು. ಬನ್ನು ಕೊಳ್ಳಲು ಬಂದಿದ್ದ ಮೇಷ್ಟರು ಗೋಡೆ ನೋಡತೊಡಗಿದರು.

"ಕೆಂಪಗೆ ಕಾದ ಸಕ್ಕರೆ, ಹುರಿದ ಹಿಟ್ಟು, ಬೆಣ್ಣೆ, ಒಂಚೂರು ಹೊಗೆ," ಅಂದಳು. "ಇಷ್ಟು ದಿನ ನಿಮ್ಮನ್ನ ಬಿಟ್ಟು ಲೆಕ್ಕ ಹಾಕಿದ್ದೆ ರೀ."

ವೆನಿಲ್ಲಾ, ಸಾಂಬ್ರಾಣಿ ಮರಳಿ ಬಂದವು. ಹೊಗೆಯ ವಾಸನೆಗೆ ಯಾವುದೋ ಮರದ ಎಣ್ಣೆ ಹುಡುಕಿದಳು. ಈ ಸಲ ನನ್ನ ಕೈಗೆ ರಜೆ.

ಪರೀಕ್ಷೆಯ ದಿನ ನನ್ನನ್ನೂ ಕಾರ್ಖಾನೆಗೆ ಕರೆದೊಯ್ದಳು, ಧೈರ್ಯಕ್ಕೆ. ಡ್ರೈವರಣ್ಣ ಬೆವರಿಕೊಂಡು ಬಂದ. ಅತ್ತೆ ಅವಳಿಗೇ ಮೊದಲು ಮೂಸಲು ಹೇಳಿದರು. ಅವಳು ಕಣ್ಣು ಮುಚ್ಚಿ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕಣ್ಣು ಬಿಟ್ಟು, ನರೆತ ಮೀಸೆ ಕಂಡು, ಕೆಂಡ ಮುಟ್ಟಿದ ಹಾಗೆ ಕೈ ಬಿಟ್ಟಳು. ಕಿವಿಯೆಲ್ಲ ಕೆಂಪು. ಪಾಪ, ಡ್ರೈವರಣ್ಣ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತಿದ್ದ.

ಅತ್ತೆ ಎದ್ದು ಬರಲೂ ಇಲ್ಲ. "ನಾನು ಮೂಸೋದೇನೂ ಬೇಡ. ನಾಳೆಯಿಂದ ಬೆರೆಸೋ ಮೇಜಿಗೆ ಬಾ," ಅಂದರು.

ಅವಳು ನನ್ನತ್ತ ತಿರುಗಿ ಅಳುತ್ತ ನಕ್ಕಳು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು, ಜೊತೆಗೆ ಹೊಟ್ಟೆಯೂ ಉರಿಯಿತು. ಓಡಿಹೋಗಿ ಸೋಪು ತಂದು ಡ್ರೈವರಣ್ಣನ ಕೈಗಿಟ್ಟೆ.