ಚಿಕ್ಕಮ್ಮನ ಡಬಲ್ ರೋಲ್

ನಮ್ಮ ಚಿಕ್ಕಮ್ಮ ಟೈಲರ್. ಮನೆಯ ಮುಂದಿನ ರೂಮೇ ಅಂಗಡಿ. ಒಂದು ಹೊಲಿಗೆ ಮಷೀನು, ಒಂದು ಉದ್ದ ಕನ್ನಡಿ, ಕಾಲಿಟ್ಟಲ್ಲೆಲ್ಲ ಬಟ್ಟೆಚೂರು. ಬೀದಿಯವರೆಲ್ಲ ಅವಳ ಮಾತನ್ನು ಕಣ್ಣು ಮುಚ್ಚಿ ನಂಬುತ್ತಾರೆ. ನಾನು ಅವಳ ಅಕ್ಕನ ಮಗಳು. ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಮನೆಯಲ್ಲಿ ನನಗೆ ಕೊಟ್ಟ ಬಿರುದೇ 'ತರಲೆ'.

ಮೊನ್ನೆ ಬೆಳಿಗ್ಗೆ ಗುಂಡಿ ಹಾಕುತ್ತ ಕೂತಿದ್ದೆ. ಮೊಬೈಲ್ ಕಿಣಿಕಿಣಿ ಎಂದಿತು. ನೋಡಿದರೆ ಚಿಕ್ಕಮ್ಮನ ಮೆಸೇಜ್! ಕೊರಳಿಗೆ ಟೇಪು ಹಾಕಿಕೊಂಡು ನಗುವ ಅದೇ ಫೋಟೋ. "ಪ್ರೀತಿಯ ಮಗಳೇ, ಇದು ನನ್ನ ಹೊಸ ಅಕೌಂಟ್. ನಿನ್ನ ಮೊಬೈಲ್‌ಗೆ ಒಂದು ಕೋಡ್ ಬರುತ್ತದೆ. ದಯವಿಟ್ಟು ಬೇಗ ಕಳಿಸು."

ಚಿಕ್ಕಮ್ಮ ನನ್ನೆದುರಿಗೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಚಿಕ್ಕಮ್ಮಾ, ಯಾವಾಗಿಂದ ಡಬಲ್ ಆಕ್ಟಿಂಗು? ಇಲ್ಲೊಬ್ಳು ನಿನ್ನ ಮುಖ ಹಾಕ್ಕೊಂಡು ನನ್ನ 'ಪ್ರೀತಿಯ ಮಗಳೇ' ಅಂತಿದಾಳೆ. ನೀನಂತೂ ಇಷ್ಟು ವರ್ಷದಲ್ಲಿ 'ಕತ್ತೆ' ಬಿಟ್ಟು ಬೇರೆ ಏನೂ ಅಂದಿಲ್ಲ!"

"ಹೋಗೇ ಕತ್ತೆ. ನಿಂದೇ ಕಿತಾಪತಿ. ಮಂತ್ರಿ ದನೀಲಿ ಫೋನ್ ಮಾಡಿ ಕೋಟು ಹೊಲಿಸ್ಕೋಬೇಕು ಅಂದಿದ್ದು ಯಾರು?"

"ಸೊಂಟ ಅರವತ್ತಿಂಚು ಅಂದ್ರೂ ಬರ್ಕೊಂಡ್ಯಲ್ಲ ನೀನು! ಆದ್ರೆ ದೇವ್ರಾಣೆ, ಈ ಪಿಕ್ಚರ್‌ಗೆ ನಾನು ಡೈರೆಕ್ಟರ್ ಅಲ್ಲ."

ಒಳಗಿನಿಂದ ಚಿಕ್ಕಪ್ಪ ತಲೆ ಹಾಕಿದ. "ನಂಗೂ ಬಂದಿದೆ ಕಣೇ. 'ದಯವಿಟ್ಟು' ಅಂದಿದಾಳೆ. ಇವಳನ್ನೇ ಇಟ್ಕೊಳ್ಳೋಣ್ವಾ?"

ಚಿಕ್ಕಮ್ಮ ಕತ್ತರಿ ಎತ್ತಿದಳು, ಚಿಕ್ಕಪ್ಪನ ತಲೆ ಒಳಗೆ ಹೋಯಿತು. ಎಲ್ಲರೂ ನಗುತ್ತಿರುವಾಗಲೇ ಪಕ್ಕದ ಮನೆಯ ನರ್ಸಕ್ಕ ಬಾಗಿಲಿಗೆ ಬಂದಳು.

"ಅಕ್ಕಾ, ಕೋಡ್ ಕಳಿಸಿದ್ನಲ್ಲ, ಬಂತಾ? ಅದೇನೋ, ಆಮೇಲಿಂದ ನನ್ನ ಅಕೌಂಟ್ ಓಪನ್ನೇ ಆಗ್ತಿಲ್ಲ."

ಚಿಕ್ಕಮ್ಮ ನನ್ನ ಮುಖ ನೋಡಿದಳು. "ತರಲೆ... ನಿಜವಾಗ್ಲೂ ನೀನಲ್ವಾ?"

"ಅಲ್ಲ ಚಿಕ್ಕಮ್ಮ."

ನರ್ಸಕ್ಕನ ದನಿ ಸಣ್ಣದಾಯಿತು. "ನೀನು ಕೇಳ್ದೆ ಅಂತ ಕೊಟ್ಟೆ. ಬೇರೆ ಯಾರಾದ್ರೂ ಕೇಳಿದ್ರೆ ಕೊಡ್ತಿದ್ನಾ?"

ಆ ಮಾತಿಗೆ ಚಿಕ್ಕಮ್ಮನ ಕಣ್ಣು ತುಂಬಿತು. "ನನ್ನ ಹೆಸರು ಹೋಯ್ತಲ್ಲೇ! ಈಗೇನು ಮಾಡೋದು?"

"ಅಳೋ ಸೀನ್ ಆಮೇಲೆ," ಎಂದೆ ನಾನು. "ಮೊದಲು ಫೈಟು. ಆ ಕೋಡು ನರ್ಸಕ್ಕನ ಅಕೌಂಟಿನ ಬೀಗದ ಕೈ. ಕಳ್ಳ ಒಳಗೆ ಹೋಗಿ ಕೂತಿದಾನೆ. ಇನ್ನು ನರ್ಸಕ್ಕನ ಹೆಸರಲ್ಲಿ ಆಸ್ಪತ್ರೆಯವರನ್ನೆಲ್ಲ ಕೋಡು, ದುಡ್ಡು ಕೇಳ್ತಾನೆ."

ನರ್ಸಕ್ಕನ ನಂಬರಿನಿಂದಲೇ ಅಕೌಂಟ್ ವಾಪಸ್ ಪಡೆಯಲು ಅರ್ಜಿ ಹಾಕಿದೆವು. ಒಳಗೆ ಹೋದ ತಕ್ಷಣ ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಜೊತೆ ಇನ್ನೊಂದು ಗುಟ್ಟಿನ ನಂಬರನ್ನೂ ಕೇಳುವ ಎರಡು ಹಂತದ ಬೀಗ ಹಾಕಿದೆವು. ಚಿಕ್ಕಪ್ಪ ನಕಲಿ ಅಕೌಂಟನ್ನು ರಿಪೋರ್ಟ್ ಮಾಡಿ, ಸೈಬರ್ ಪೊಲೀಸರಿಗೂ ದೂರು ಕೊಟ್ಟ. ಚಿಕ್ಕಮ್ಮ ಸ್ಪೀಕರ್ ಹಾಕಿ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನ್ ಹಚ್ಚಿದಳು. ಮೊದಲು ಸಿಕ್ಕಿದ್ದು ಬೇಕರಿಯಾಕೆ.

"ಕೋಡ್ ಕಳಿಸ್ಬೇಡ ಮಾರಾಯ್ತಿ!"

"ಈಗಷ್ಟೇ ಕಳಿಸು ಅಂದೆ, ಈಗ ಬೇಡ ಅಂತೀಯ. ಮೆಸೇಜ್ ಮಾಡ್ದೋಳು ಒರಿಜಿನಲ್ಲೋ, ಫೋನ್ ಮಾಡ್ದೋಳು ಒರಿಜಿನಲ್ಲೋ?"

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. "ನಿನ್ನ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ. ಕಳೆದ ಸಲ ಸೊಂಟದ ಹೊಲಿಗೆ ಎಷ್ಟಿಂಚು ಬಿಚ್ಚಿದ್ದು ಅಂತಾನೂ ಹೇಳ್ಲಾ?"

"ಅಯ್ಯೋ, ಮೆಲ್ಲಗೆ! ಗಂಡ ಪಕ್ಕದಲ್ಲೇ ಇದಾರೆ. ನೀನೇ ಕಣೇ, ನೀನೇ! ಕಳಿಸಲ್ಲ ಬಿಡು."

ನರ್ಸಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಇದೊಂದು ಪ್ರಶ್ನೆ ನಾನೂ ಕೇಳಿದ್ರೆ ಆಗ್ತಿತ್ತು."

"ಇನ್ಮೇಲೆ ಕೇಳು," ಎಂದು ಚಿಕ್ಕಮ್ಮ ಅವಳ ಕೈ ಹಿಡಿದಳು. "ನಾನೇ ಬಂದು ನಿಂತ್ರೂ ಕೇಳು. ಬೇಜಾರು ಮಾಡ್ಕೊಳ್ಳಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರ ಫೋಟೋ ಹಾಕಿಕೊಂಡು ಯಾರು ಬೇಕಾದರೂ ಬರಬಹುದು. ಕೋಡ್ ಕೇಳಲಿ, ದುಡ್ಡು ಕೇಳಲಿ, ಕೈ ತಡೆಯಿರಿ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ. ನಿಮಗೂ ಅವರಿಗೂ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಕೋಡನ್ನಂತೂ ಹೆತ್ತಮ್ಮ ಕೇಳಿದರೂ ಕೊಡಬೇಡಿ. ನಿಮ್ಮವರೇ ಆಗಿದ್ದರೆ ಎರಡು ಬೈದು ಉತ್ತರ ಹೇಳುತ್ತಾರೆ. ಮೆಸೇಜ್ ಮಾಡಿದವನು ಕಳ್ಳನಾಗಿದ್ದರೆ ಜಾಗ ಖಾಲಿ ಮಾಡುತ್ತಾನೆ.